ನಿದ್ದೆಯ ಮಾತ್ರೆ, ಸೇಂದಿ ಮತ್ತು ಸ್ಟೇರಿಂಗ್

(ರಸ್ತೆ ಸುರಕ್ಷತಾ ಮಾಸದ ಅಂಗವಾಗಿ ರಾಯಚೂರಿನಲ್ಲಿ ಲಾರಿ, ಬಸ್ ಹಾಗೂ ಟಂಟಂ ಚಾಲಕರು, ಔಷಧ ಅಂಗಡಿಯವರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಕುಡಿದು ವಾಹನ ಓಡಿಸಬಾರದೆಂಬ ಮಾತನ್ನು ತಾವೆಲ್ಲರೂ ಕೇಳಿ ಕೇಳಿ ಬೇಸತ್ತಿದ್ದೀರಿ. ಅದನ್ನೇ ಮತ್ತೊಮ್ಮೆ ಹೇಳಿ ಹೋಗಲು ನಾನು ಬಂದಿಲ್ಲ. ಔಷಧಶಾಸ್ತ್ರ ಕಲಿಸುವವನಾದ ನನಗೆ ಅದರ ಪಕ್ಕದಲ್ಲೇ ಇದ್ದೂ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಹೇಳಬೇಕಿದೆ. ನಿದ್ದೆ ತರಿಸುವ, ಆತಂಕ ತಗ್ಗಿಸುವ, ಮೈ ಸಡಿಲಿಸುವ ಔಷಧಗಳು ಚಾಲಕನಿಗೆ ಏನು ಮಾಡುತ್ತವೆ, ಅವುಗಳ ಜೊತೆ ಮದ್ಯ ಸೇರಿದರೆ ಏನಾಗುತ್ತದೆ, ಇವೆರಡನ್ನೂ ಒಂದೇ ಲೋಟದಲ್ಲಿ ಕುಡಿಸುವ ನಮ್ಮ ಭಾಗದ ಕಲಬೆರಕೆ ಸೇಂದಿಯನ್ನು ಈ ಲೆಕ್ಕದಲ್ಲಿ ಎಲ್ಲಿಡಬೇಕು ಎಂಬುದೇ ಇಂದಿನ ವಿಷಯ.

ಮೊದಲು ಚಾಲನೆ ಎಂಬ ಕೆಲಸವನ್ನೇ ಸ್ವಲ್ಪ ಬಿಡಿಸಿ ನೋಡೋಣ. ವರ್ಷಗಟ್ಟಲೆ ಗಾಡಿ ಓಡಿಸಿದವರಿಗೆ ಅದು ಕೈಕಾಲುಗಳು ತಾವಾಗಿಯೇ ಮಾಡುವ ಕೆಲಸವೆನಿಸುತ್ತದೆ, ಆದರೆ ಅದರ ಬಹುಪಾಲು ನಡೆಯುವುದು ಕಣ್ಣು ಮತ್ತು ಮೆದುಳಿನಲ್ಲಿ. ಭತ್ತದ ಸುಗ್ಗಿಯಲ್ಲಿ ರಾತ್ರಿ ಸಿಂಧನೂರಿನಿಂದ ಮಾನ್ವಿ ಕಡೆಗೆ ಬರುವ ಚಾಲಕ ತನ್ನ ಗಾಡಿಯನ್ನು ರಸ್ತೆಯ ಎಡಭಾಗದಲ್ಲಿ ನೇರವಾಗಿ ಹಿಡಿದಿರಬೇಕು, ಎದುರು ಬಂದ ಲಾರಿಯ ಬೆಳಕು ಕಣ್ಣಿಗೆ ರಾಚಿದ ಮರುಕ್ಷಣವೇ ಕತ್ತಲಿಗೆ ಹೊಂದಿಕೊಳ್ಳಬೇಕು, ಆ ಕತ್ತಲಲ್ಲಿ ಹಿಂದೀಪವಿಲ್ಲದೆ ನಿಧಾನವಾಗಿ ಸಾಗುತ್ತಿರುವ ಟ್ರ್ಯಾಕ್ಟರ್ ಟ್ರೇಲರನ್ನು ಗುರುತಿಸಬೇಕು, ಓವರ್‌ಟೇಕ್ ಮಾಡಬೇಕೋ ಬ್ರೇಕ್ ಒತ್ತಬೇಕೋ ಎಂದು ತೀರ್ಮಾನಿಸಬೇಕು. ಇವೆಲ್ಲವೂ ಏಕಕಾಲಕ್ಕೆ ನಡೆಯಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಸಾಗುತ್ತದೆ; ಬ್ರೇಕಿನ ಮೇಲೆ ಕಾಲಿಡುವುದು ಅರ್ಧ ಸೆಕೆಂಡ್ ತಡವಾದರೆ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ದೊಡ್ಡ ಲಾರಿಯ ಉದ್ದದಷ್ಟು.

ಮದ್ಯ ಮೊದಲು ಕೆಡಿಸುವುದು ಹೀಗೆ ಎರಡು ಮೂರು ಕಡೆ ಏಕಕಾಲಕ್ಕೆ ಗಮನವಿಡುವ ಶಕ್ತಿಯನ್ನು. 100 ಮಿಲಿಲೀಟರ್ ರಕ್ತದಲ್ಲಿ 20 ಮಿಲಿಗ್ರಾಂ ಮದ್ಯಸಾರವಿದ್ದಾಗಲೇ ಈ ಕುಂದು ಪರೀಕ್ಷೆಗಳಲ್ಲಿ ಕಾಣಿಸುತ್ತದೆ. 50ರ ಹೊತ್ತಿಗೆ ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸುವುದು ಕಷ್ಟವಾಗುತ್ತದೆ, 80ರ ಹೊತ್ತಿಗೆ ವೇಗದ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರಿನಿಂದ ಮದ್ಯ ಅಳೆಯುವ ಯಂತ್ರವನ್ನು ರೂಪಿಸಿದರು. ಮುಂದೆ ಹತ್ತು ವರ್ಷಗಳಲ್ಲಿ, ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅಪಘಾತಕ್ಕೊಳಗಾದ ಚಾಲಕರನ್ನೂ ಅದೇ ಜಾಗಗಳಲ್ಲಿ ಸುರಕ್ಷಿತವಾಗಿ ಹಾದುಹೋದ ಚಾಲಕರನ್ನೂ ಹೋಲಿಸಿ, ಮದ್ಯದ ಪ್ರಮಾಣ ಏರಿದಂತೆ ಅಪಾಯ ಹೇಗೆ ಕಡಿದಾಗಿ ಏರುತ್ತದೆಂದು ತೋರಿಸಿದರು. ಇಂದು ನಾನಾ ದೇಶಗಳು ಇಟ್ಟುಕೊಂಡಿರುವ ಮಿತಿಗಳ ಹಿಂದೆ ಇಂಥ ಅಧ್ಯಯನಗಳಿವೆ. ನಮ್ಮ ದೇಶದ ಮಿತಿ 30 ಮಿಲಿಗ್ರಾಂ.

ದೇಹ ಮದ್ಯವನ್ನು ಹೊರಹಾಕುವ ವೇಗ ಹೆಚ್ಚು ಕಡಿಮೆ ಸ್ಥಿರ: ಅದೇ 100 ಮಿಲಿಲೀಟರ್ ರಕ್ತದ ಲೆಕ್ಕದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ. ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ, ಕಡಕ್ ಚಹಾ ಇವು ಯಾವುವೂ ಪಿತ್ತಜನಕಾಂಗದ ಕೆಲಸಕ್ಕೆ ವೇಗ ಕೊಡುವುದಿಲ್ಲ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ರಕ್ತದಲ್ಲಿ 150 ಮಿಲಿಗ್ರಾಂ ಇದ್ದವನಿಗೆ ಬೆಳಿಗ್ಗೆ ಆರಕ್ಕೆ ಇನ್ನೂ 45ರಷ್ಟು ಉಳಿದಿರುತ್ತದೆ. ಮುಖ ತೊಳೆದು, ದೇವರಿಗೆ ಕೈಮುಗಿದು, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಟಂಟಂನಲ್ಲಿ ಕೂರಿಸಿಕೊಂಡು ಹೊರಟ ಆತ, ತಾನು ಕುಡಿದದ್ದು ನಿನ್ನೆ ಎಂದು ನಂಬಿರುತ್ತಾನೆ. ಕಾನೂನಿನ ಲೆಕ್ಕದಲ್ಲಿ ಆತ ಈಗಲೂ ಕುಡಿದು ಓಡಿಸುತ್ತಿದ್ದಾನೆ.

ಇನ್ನು ಔಷಧಗಳು. ಚಾಲಕರಿಗೆ ಅರ್ಥವಾಗುವ ಮಾತಿನಲ್ಲೇ ಹೇಳುವುದಾದರೆ, ನಮ್ಮ ಮೆದುಳಿನಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಎಕ್ಸಲರೇಟರಿನಂತೆ, ಗಾಬಾ ಎಂಬುದು ಬ್ರೇಕಿನಂತೆ ಕೆಲಸ ಮಾಡುತ್ತವೆ. ಅಲ್‌ಪ್ರಾಜೋಲಾಂ, ಡಯಾಜೆಪಾಂ, ಕ್ಲೋನಜೆಪಾಂ, ಲೊರಾಜೆಪಾಂ ಮುಂತಾದ, ಬೆಂಜೊಡಯಾಜೆಪೈನ್ ಎಂದು ಕರೆಯುವ ಗುಂಪಿನ ಮಾತ್ರೆಗಳು ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತವೆ. ಆತಂಕ ಇಳಿಯುವುದೂ, ನಿದ್ದೆ ಬರುವುದೂ, ಫಿಟ್ಸ್ ನಿಲ್ಲುವುದೂ, ಬಿಗಿದ ಸ್ನಾಯು ಸಡಿಲಗೊಳ್ಳುವುದೂ ಅದರಿಂದಲೇ; ರಸ್ತೆಯ ಮೇಲೆ ಕಣ್ಣು ತಡವಾಗಿ ಹೊರಳುವುದೂ ಕೈ ತಡವಾಗಿ ತಿರುಗುವುದೂ ಅದರಿಂದಲೇ. ಔಷಧದ ಗುಣವನ್ನು ಉಳಿಸಿಕೊಂಡು ಈ ದೋಷವನ್ನು ಮಾತ್ರ ತೆಗೆದುಹಾಕುವ ಮಾತ್ರೆಯನ್ನು ಇನ್ನೂ ಯಾರೂ ಮಾಡಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅವಧಿಯ ಬಗ್ಗೆ. ಮಾತ್ರೆ ರಾತ್ರಿಯದು, ಆದ್ದರಿಂದ ಅದರ ಕೆಲಸ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ ಎಂದು ರೋಗಿಯೂ ಭಾವಿಸುತ್ತಾನೆ, ಎಷ್ಟೋ ಬಾರಿ ವೈದ್ಯರೂ ಹಾಗೆಯೇ ಮಾತಾಡುತ್ತಾರೆ. ರಕ್ತದಲ್ಲಿನ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಸಮಯವನ್ನು ಅರ್ಧಾಯು ಎನ್ನುತ್ತೇವೆ. ಅಲ್‌ಪ್ರಾಜೋಲಾಂಗೆ ಅದು ಸರಾಸರಿ 11 ಗಂಟೆ. ಕ್ಲೋನಜೆಪಾಂಗೆ 30ರಿಂದ 40 ಗಂಟೆ. ಅಂದರೆ ಇಂದು ರಾತ್ರಿ ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದೇಹದಲ್ಲಿ ಇರುವಾಗಲೇ ನಾಳೆ ರಾತ್ರಿಯದು ಅದರ ಮೇಲೆ ಬೀಳುತ್ತದೆ, ಹೀಗೆ ಒಂದು ವಾರದವರೆಗೆ ಏರುತ್ತಲೇ ಹೋಗುತ್ತದೆ. ಡಯಾಜೆಪಾಂ ಇನ್ನೂ ನಿಧಾನ, ಏಕೆಂದರೆ ಅದು ಒಡೆದಾಗ ಹುಟ್ಟುವ ವಸ್ತುವೂ ಔಷಧದಂತೆಯೇ ಕೆಲಸ ಮಾಡುತ್ತ ದಿನಗಟ್ಟಲೆ ಉಳಿಯುತ್ತದೆ. ಜೋಲ್ಪಿಡೆಂ ಎಂಬ ನಿದ್ದೆಯ ಮಾತ್ರೆಯ ಅರ್ಧಾಯು ಎರಡೂವರೆ ಗಂಟೆಯಷ್ಟೇ, ಆದ್ದರಿಂದ ಅದು ನಿರಪಾಯವೆಂದು ಬಹುಕಾಲ ನಂಬಲಾಗಿತ್ತು. ಆದರೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರಿಗೆ ಅದರ ಶಿಫಾರಸು ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ರಾತ್ರಿ ನುಂಗಿದ ಕೆಲವರ ರಕ್ತದಲ್ಲಿ ಬೆಳಿಗ್ಗೆಯೂ ಚಾಲನೆಗೆ ಅಡ್ಡಿಯಾಗುವಷ್ಟು ಔಷಧ ಉಳಿದಿರುವುದೇ ಅದಕ್ಕೆ ಕಾರಣವಾಗಿತ್ತು.

ಈ ಅಡ್ಡಿಯನ್ನು ಅಳೆಯುವುದು ಹೇಗೆ? ನೆದರ್ಲೆಂಡ್ಸ್‌ನ ಸಂಶೋಧಕರು 1980ರ ದಶಕದಲ್ಲಿ ಒಂದು ಸರಳ ಉಪಾಯ ಕಂಡುಕೊಂಡರು. ಔಷಧ ಸೇವಿಸಿದವರನ್ನು ಪ್ರಯೋಗಾಲಯದಲ್ಲಿ ಕೂರಿಸದೆ, ಪಕ್ಕದಲ್ಲಿ ಇನ್ನೊಂದು ಬ್ರೇಕ್ ಹಿಡಿದ ತರಬೇತುದಾರನನ್ನು ಕೂರಿಸಿ, ನಿಜವಾದ ಹೆದ್ದಾರಿಯಲ್ಲೇ ಸುಮಾರು 100 ಕಿಲೋಮೀಟರ್ ಕಾರು ಓಡಿಸಲು ಹೇಳಿದರು. ಕಾರಿನ ಮೇಲಿನ ಕ್ಯಾಮೆರಾ ರಸ್ತೆಯ ಬಿಳಿ ಗೆರೆಯಿಂದ ಕಾರು ಎಷ್ಟು ಅತ್ತಿತ್ತ ವಾಲುತ್ತದೆಂದು ಅಳೆಯುತ್ತಿತ್ತು. ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದಾಗ ಆ ವಾಲಾಟ ಸರಾಸರಿ 2.4 ಸೆಂಟಿಮೀಟರಿನಷ್ಟು ಹೆಚ್ಚಿತು. ಎರಡು ಬೆರಳಿನ ಅಗಲಕ್ಕಿಂತ ಕಡಿಮೆ! ನಗುವಷ್ಟು ಸಣ್ಣ ಅಳತೆ ಎನಿಸಬಹುದು. ಆದರೆ ಇದು ಇಡೀ ಪ್ರಯಾಣದ ಸರಾಸರಿ; ಅದರೊಳಗೆ ಕಾರು ಪಕ್ಕದ ಸಾಲಿಗೇ ನುಗ್ಗಿದ ಕ್ಷಣಗಳೂ ಅಡಗಿರುತ್ತವೆ. ಬೆಂಜೊಡಯಾಜೆಪೈನ್ ಗುಂಪಿನ ಹಲವು ಮಾತ್ರೆಗಳು ರೂಢಿಯ ಪ್ರಮಾಣದಲ್ಲಿಯೇ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವಾಲಾಟ ತಂದವು, ಅದೂ ಒಂದು ಹನಿ ಮದ್ಯವಿಲ್ಲದೆ.

ನಿದ್ದೆಯ ಮಾತ್ರೆ ನುಂಗದವರೂ ಈ ಲೆಕ್ಕದಿಂದ ಹೊರಗಿಲ್ಲ. ನೆಗಡಿ, ತುರಿಕೆ, ಅಲರ್ಜಿಗೆಂದು ಕೊಡುವ ಕ್ಲೋರ್‌ಫೆನಿರಮಿನ್, ಫೆನಿರಮಿನ್, ಪ್ರೊಮೆಥಜಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್, ನೋವಿಗೆ ಕೊಡುವ ಟ್ರಮಡಾಲ್ ಎಲ್ಲವೂ ಮಂಪರು ತರುತ್ತವೆ. ಸೆಟಿರಿಜಿನ್ ಇವಕ್ಕಿಂತ ವಾಸಿ, ಪೂರ್ತಿ ನಿರಪಾಯವಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹಾರುಬೂದಿ ಟ್ಯಾಂಕರ್ ಒಯ್ಯುವವನಿಗೂ ಹತ್ತಿಯ ಅಂಡಿಗೆ ತುಂಬಿದ ಲಾರಿಯವನಿಗೂ ಧೂಳಿನಿಂದ ನೆಗಡಿ, ಸೀನು ತಪ್ಪಿದ್ದಲ್ಲ. ಅದಕ್ಕೆಂದು ಒಂದು ಮಾತ್ರೆ ನುಂಗಿ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಗಾಡಿ ಹತ್ತಿದವನಿಗೆ ಜೊಂಪು ಹತ್ತದಿದ್ದರೇ ಆಶ್ಚರ್ಯ.

ಈಗ ಎರಡೂ ಕೂಡಿದಾಗಿನ ಮಾತು. ಮದ್ಯವೂ ಅದೇ ಗಾಬಾ ಬ್ರೇಕನ್ನು ಒತ್ತುತ್ತದೆ, ಜೊತೆಗೆ ಗ್ಲುಟಮೇಟಿನ ಎಕ್ಸಲರೇಟರಿನಿಂದ ಕಾಲನ್ನೂ ತೆಗೆಸುತ್ತದೆ. ಒಂದು ಮಾತ್ರೆಯಿಂದ ತೊಂದರೆ ಕಾಣದವನು, ಒಂದು ಪೆಗ್ಗಿನಿಂದಲೂ ತೊಂದರೆ ಕಾಣದವನು, ಎರಡನ್ನೂ ಸೇರಿಸಿದಾಗ ತನ್ನ ಅಂದಾಜಿಗೆ ಮೀರಿದ ಮಂಪರಿಗೆ ಬೀಳುವುದು ಇದರಿಂದ. ಪ್ರಮಾಣ ಹೆಚ್ಚಾದರೆ ಉಸಿರಾಟವೇ ನಿಂತೀತು.

ನಮ್ಮ ಭಾಗದಲ್ಲಿ ಈ ಬೆರಕೆ ಕೇವಲ ಆಕಸ್ಮಿಕವಲ್ಲ, ಅದೊಂದು ವ್ಯಾಪಾರ. ಈಚಲು ಮರದಿಂದ ಇಳಿಸಿದ ಸೇಂದಿ ಹುಳಿಬಂದ ಮೇಲೂ ಅದರಲ್ಲಿ ಬಿಯರಿನಷ್ಟೇ ಮದ್ಯಸಾರವಿರುತ್ತದೆ. ಮರಗಳು ಕಡಿಮೆ, ಕುಡಿಯುವವರು ಹೆಚ್ಚು. ಆಗ ನೀರಿಗೆ ಸ್ಯಾಕ್ರಿನ್ ಹಾಕಿ, ಅಮಲಿಗೆಂದು ಸಿ.ಎಚ್. ಪುಡಿ ಬೆರೆಸುವ ದಂಧೆ ಹುಟ್ಟಿತು. ಆ ಪುಡಿ ಸಿಕ್ಕಿಬಿದ್ದ ಸುದ್ದಿಗಳು ರಾಯಚೂರಿನಲ್ಲಿ ಪತ್ರಿಕೆ ಓದುವವರಿಗೆ ಹೊಸವಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಜರ್ಮನಿಯ ಲೀಬಿಗ್ 1832ರಲ್ಲಿ ತಯಾರಿಸಿದ, 1869ರಿಂದ ನಿದ್ದೆಯ ಔಷಧವಾಗಿ ಬಳಕೆಗೆ ಬಂದ, ಇಂದು ವೈದ್ಯಕೀಯದಲ್ಲಿ ಬಹುಮಟ್ಟಿಗೆ ಮೂಲೆಗೆ ಸರಿದಿರುವ ವಸ್ತು ಅದು. ಅದು ಸಿಗದಿದ್ದಾಗ ಡಯಾಜೆಪಾಂ, ಅಲ್‌ಪ್ರಾಜೋಲಾಂ ಪುಡಿಗಳು ಆ ಜಾಗಕ್ಕೆ ಬರುತ್ತವೆ.

ಈ ಕ್ಲೋರಲ್ ಹೈಡ್ರೇಟಿನ ಗುಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದೇಹದೊಳಗೆ ಹೋದ ಕೂಡಲೇ ಅದು ಟ್ರೈಕ್ಲೋರೋಎಥನಾಲ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ನಿಜವಾಗಿ ಮಂಪರು ತರುವುದು ಆ ವಸ್ತು, ಅದರ ಅರ್ಧಾಯು ಸುಮಾರು ಎಂಟರಿಂದ ಹನ್ನೆರಡು ಗಂಟೆ. ಮದ್ಯ ಜೊತೆಗಿದ್ದರೆ ಈ ಮಾರ್ಪಾಟು ಇನ್ನಷ್ಟು ಹೆಚ್ಚುತ್ತದೆ. ಹಾಗೆ ಹುಟ್ಟಿದ ಟ್ರೈಕ್ಲೋರೋಎಥನಾಲ್ ಮದ್ಯವನ್ನು ಒಡೆಯುವ ಕಿಣ್ವಕ್ಕೇ ಅಡ್ಡ ನಿಲ್ಲುವುದರಿಂದ ರಕ್ತದಲ್ಲಿ ಮದ್ಯವೂ ಹೆಚ್ಚು ಹೊತ್ತು ಉಳಿಯುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಸೇಂದಿಗೆ ಈ ಪುಡಿ ಬೆರೆಸಿದವನಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಕ್ಕಿಲ್ಲ, ಆದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಅಮಲು ಬರುತ್ತದೆಂಬ ವ್ಯಾಪಾರದ ಗುಟ್ಟು ಗೊತ್ತು. ಕುಡಿದವನಿಗೂ ತಾನು ಎಷ್ಟು ಪುಡಿ ಕುಡಿದೆನೆಂಬುದು ಗೊತ್ತಿರುವುದಿಲ್ಲ, ಏಕೆಂದರೆ ಒಂದು ಸೀಸೆಯ ಅಳತೆ ಮತ್ತೊಂದಕ್ಕಿಲ್ಲ. "ಬರೇ ಸೇಂದಿ ಕುಡದೀನ್ರೀ, ಸರಾಯಿ ಅಲ್ಲ" ಎಂದು ಒಬ್ಬ ಚಾಲಕ ಹೇಳಿದಾಗ ಆತ ಸುಳ್ಳು ಹೇಳುತ್ತಿಲ್ಲ. ಆದರೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂಬುದೇ ಆತನಿಗೆ ತಿಳಿದಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಮದ್ಯವಾಗಲಿ ಮಂಪರಿನ ಔಷಧವಾಗಲಿ ಚಾಲಕನ ಕೈಕಾಲಿಗಿಂತ ಮುಂಚೆ ಕೆಡಿಸುವುದು ತನ್ನನ್ನು ತಾನು ಅಳೆದುಕೊಳ್ಳುವ ಶಕ್ತಿಯನ್ನು. ಮದ್ಯ ಕುಡಿದವನಿಗೆ ತಾನು ಎಂದಿಗಿಂತ ಚೆನ್ನಾಗಿ ಓಡಿಸುತ್ತಿದ್ದೇನೆ ಎನಿಸುತ್ತದೆ. ಮಾತ್ರೆ ನುಂಗಿದವನಿಗೆ ಆತಂಕ ಇಳಿದಿರುವುದರಿಂದ, ಹೆದರಬೇಕಾದ ತಿರುವಿನಲ್ಲಿಯೂ ಹೆದರಿಕೆ ಆಗುವುದಿಲ್ಲ. ನಿದ್ದೆಗೆಟ್ಟವನಿಗೆ ಕಣ್ಣು ತೆರೆದೇ ಇದ್ದಂತೆ ತೋರುವ ಹೊತ್ತಿನಲ್ಲಿ ಮೂರು ನಾಲ್ಕು ಸೆಕೆಂಡುಗಳ ಕಿರುನಿದ್ದೆ ಬಂದು ಹೋಗಿರುತ್ತದೆ. ಆ ಅವಧಿಯಲ್ಲಿ ಗಾಡಿ 80 ಮೀಟರ್ ಕ್ರಮಿಸಿರುತ್ತದೆ. 17 ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕಾರ್ಯಶಕ್ತಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವನಷ್ಟೇ ಕುಗ್ಗುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿತು. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದುಡಿಮೆಗೆ ದಿನಕ್ಕೆ ಎಂಟು ಗಂಟೆಯ ಮಿತಿ ಇಟ್ಟಿತ್ತು. ಅಕ್ಕಿ ಲೋಡು ಹೊತ್ತು ಹೊರಟ ಲಾರಿಯಲ್ಲಿ ಆ ಎಂಟು ಗಂಟೆ ಯಾರ ಗಡಿಯಾರದಲ್ಲಿದೆಯೋ ಮಾಲೀಕರೇ ಹೇಳಬೇಕು. ಬೆಳಗಿನ ಜಾವ ಎರಡರಿಂದ ಆರರವರೆಗೆ ಯಾರ ದೇಹವಾದರೂ ನಿದ್ದೆ ಬೇಡುತ್ತದೆ. ಆ ಹೊತ್ತಿಗೆ ಸೇಂದಿ, ಮಾತ್ರೆ, ನಿದ್ದೆಗೇಡು ಮೂರೂ ಒಬ್ಬನಲ್ಲೇ ಕೂಡಿದರೆ "ನನಗೇನೂ ಆಗಿಲ್ಲ" ಎಂಬ ಆತನ ಮಾತಿಗೆ ಸಾಕ್ಷಿಯ ಬೆಲೆ ಇಲ್ಲ.

ಕಾನೂನು ಇದನ್ನು ಹೇಗೆ ನೋಡುತ್ತದೆ? ಮೋಟಾರು ವಾಹನ ಕಾಯ್ದೆ, 1988ರ 185ನೇ ಸೆಕ್ಷನ್ನಿನಲ್ಲಿ ಎರಡು ಭಾಗಗಳಿವೆ. 30 ಮಿಲಿಗ್ರಾಂ ಮೀರಿದ ಮದ್ಯ ಒಂದು. ವಾಹನವನ್ನು ಸರಿಯಾಗಿ ಹಿಡಿತದಲ್ಲಿಟ್ಟುಕೊಳ್ಳಲಾಗದಷ್ಟು ಔಷಧದ ಪ್ರಭಾವ ಇನ್ನೊಂದು. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆವಾಸ, ಹದಿನೈದು ಸಾವಿರ ರೂಪಾಯಿ ದಂಡ ಅಥವಾ ಎರಡೂ. ಶಿಕ್ಷೆ ಎರಡು ಭಾಗಕ್ಕೂ ಒಂದೇ, ಹಿಡಿಯುವ ಬಗೆ ಮಾತ್ರ ಬೇರೆ. ಮದ್ಯ ರಕ್ತದಿಂದ ಶ್ವಾಸಕೋಶದ ಗಾಳಿಗೆ ದಾಟುತ್ತದೆ, ಆದ್ದರಿಂದ ಪೊಲೀಸರ ಆಲ್ಕೋಮೀಟರಿಗೆ ಊದಿದರೆ ಗೊತ್ತಾಗುತ್ತದೆ. ಅಲ್‌ಪ್ರಾಜೋಲಾಂ ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಪುಡಿ ಬೆರೆಸಿದ ನೀರುಸೇಂದಿ ಕುಡಿದವನು ಊದಿದಾಗ ಮಿತಿಯ ಒಳಗೇ ಅಂಕಿ ಬಂದು, ಪೊಲೀಸರು ಕೈಬೀಸಿ ಮುಂದೆ ಕಳಿಸಿಬಿಡಬಹುದು. ರಕ್ತಪರೀಕ್ಷೆ ಮಾಡಿಸಲು ಕಾಯ್ದೆಯಲ್ಲಿ ಅವಕಾಶವಿದ್ದರೂ ರಸ್ತೆಯ ಬದಿಯಲ್ಲಿ ಅದು ಸುಲಭವಲ್ಲ. ಇಂಗ್ಲೆಂಡಿನಲ್ಲಿ 2015ರ ಮಾರ್ಚ್‌ನಿಂದ ಔಷಧಗಳಿಗೂ ರಕ್ತದ ಮಿತಿ ಬಂದಿದೆ, ಡಯಾಜೆಪಾಂಗೆ ಲೀಟರಿಗೆ 550 ಮೈಕ್ರೋಗ್ರಾಂ; ವೈದ್ಯರು ಹೇಳಿದಂತೆಯೇ ಸೇವಿಸಿ, ಚಾಲನೆಯೂ ಕೆಡದಿದ್ದವನಿಗೆ ಅಲ್ಲಿ ರಕ್ಷಣೆಯೂ ಇದೆ. ನಮ್ಮಲ್ಲಿ ಅಂಥ ಅಂಕಿ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಲೆಕ್ಕಕ್ಕೆ ಸೇರಿಸಿದ್ದು ನೂರಕ್ಕೆ ಎರಡು ಮೂರರ ಆಸುಪಾಸು. ಅಳೆಯದ್ದು ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಆ ಸಣ್ಣ ಅಂಕಿಯಿಂದ ಸಮಾಧಾನಪಡಲು ನನಗೆ ಕಾರಣ ಕಾಣುವುದಿಲ್ಲ.

ಹಾಗಾದರೆ ತಡೆಯುವ ಜಾಗ ಚೆಕ್‌ಪೋಸ್ಟಿಗಿಂತ ಮೊದಲೇ, ಔಷಧ ಕೈಗೆ ಬರುವ ಜಾಗದಲ್ಲೇ ಇರಬೇಕು. ಅಲ್‌ಪ್ರಾಜೋಲಾಂ, ಡಯಾಜೆಪಾಂ, ಜೋಲ್ಪಿಡೆಂ, ಟ್ರಮಡಾಲ್ ಇವು 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯಲ್ಲಿವೆ; ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾಗದದ ಮೇಲೆ ಇದು ಬಿಗಿಯಾದ ನಿಯಮ. ಕೌಂಟರಿನ ಮುಂದೆ ನಿಂತು ನೋಡಿದರೆ ಕಾಣುವುದು ಬೇರೆ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಿಂದ ಎರಡನ್ನು ಕತ್ತರಿಯಲ್ಲಿ ಕತ್ತರಿಸಿ, ಸಣ್ಣ ಕಾಗದದ ಲಕೋಟೆಗೆ ಹಾಕಿ, ಮೇಲೆ ರಾತ್ರಿಗೊಂದು ಎಂಬ ಗುರುತಿಗೆ ಒಂದು ಗೆರೆ ಎಳೆದು ಕೊಡುತ್ತಾರೆ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಔಷಧದ ಹೆಸರು, ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆ ಇರುತ್ತವೆ, ಅವೂ ಇಂಗ್ಲಿಷಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ. ಎರಡು ಮಾತ್ರೆಯ ತುಂಡಿನಲ್ಲಿ ಅರ್ಧ ಹೆಸರು, ಎಚ್ಚರಿಕೆಯ ಒಂದೆರಡು ಪದ ಬಂದರೆ ಅದೇ ಹೆಚ್ಚು. ನೆಗಡಿಯ ಮಾತ್ರೆಗಂತೂ ಚೀಟಿಯನ್ನೂ ಯಾರೂ ಕೇಳುವುದಿಲ್ಲ. ಔಷಧ ಅಂಗಡಿಯವರನ್ನು ದೂರುವ ಮೊದಲು ನಮ್ಮ ವೃತ್ತಿಯ ಮಾತೂ ಹೇಳಬೇಕು: ಹೊರರೋಗಿಯ ಚೀಟಿಯಲ್ಲಿ ವಯಸ್ಸು ಬರೆಯುತ್ತಾರೆ, ಉದ್ಯೋಗ ಬರೆಯುವುದು ಅಪರೂಪ. "ಏನು ಕೆಲಸ ಮಾಡ್ತೀಯಪ್ಪಾ, ಗಾಡಿ ಓಡಿಸ್ತೀಯೇನು?" ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಓಡಿಸುವವನಾದರೆ ಮಂಪರು ಕಡಿಮೆ ತರುವ ಔಷಧ ಆರಿಸಬಹುದು, ಪ್ರಮಾಣ ಇಳಿಸಬಹುದು, ಮೊದಲ ಎರಡು ವಾರ ಗಾಡಿ ಹತ್ತಬೇಡವೆಂದು ಹೇಳಬಹುದು. ಅಪಾಯ ಹೆಚ್ಚು ಇರುವುದು ಹೊಸದಾಗಿ ಆರಂಭಿಸಿದಾಗ ಮತ್ತು ಪ್ರಮಾಣ ಏರಿಸಿದಾಗ.

ಇಷ್ಟು ಕೇಳಿ ಯಾರೂ ಮಾತ್ರೆಗಳನ್ನು ಚರಂಡಿಗೆ ಎಸೆಯಬಾರದು. 1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಔಷಧ ಕೊಡಲು ತರಬೇತಿ ನೀಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅದರ ಫಲವಾಗಿ ಚಿಕಿತ್ಸೆ ಪಡೆದು ದುಡಿಯುತ್ತಿರುವವರು ನಮ್ಮ ಭಾಗದ ಜಿಲ್ಲೆಗಳಲ್ಲಿದ್ದಾರೆ. ಚಿಕಿತ್ಸೆಯಿಲ್ಲದ ಫಿಟ್ಸ್, ಚಿಕಿತ್ಸೆಯಿಲ್ಲದ ತೀವ್ರ ಖಿನ್ನತೆ ಸ್ಟೇರಿಂಗ್ ಹಿಂದೆ ಕುಳಿತರೆ ಮಾತ್ರೆಗಿಂತ ದೊಡ್ಡ ಅಪಾಯ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ.

ಹಲವು ವರ್ಷಗಳಿಂದ ದಿನವೂ ಸೇಂದಿ ಕುಡಿಯುವ ತಮ್ಮ ಕ್ಲೀನರನಿಗೆ ಇಂದಿನಿಂದಲೇ ಬಿಡು ಎಂದು ಹೇಳಬಹುದೇ ಎಂದು ಒಬ್ಬ ಲಾರಿ ಚಾಲಕರು ಕೇಳಿದರು. ಮನೆಯಲ್ಲೇ ಏಕಾಏಕಿ ಬಿಡಿಸಬಾರದು. ಪುಡಿಗೆ ಒಗ್ಗಿದ ಮೆದುಳಿಗೆ ಅದು ಥಟ್ಟನೆ ನಿಂತರೆ ಕೈನಡುಕ, ನಿದ್ದೆಯಿಲ್ಲದಿರುವುದು, ಇಲ್ಲದ್ದು ಕಾಣುವುದು, ಫಿಟ್ಸ್ ಬರುತ್ತವೆ, ಪ್ರಾಣವೂ ಹೋಗಬಹುದು. ತೆಲಂಗಾಣದ ಜಿಲ್ಲೆಗಳಲ್ಲಿ ಕಲಬೆರಕೆ ಸೇಂದಿಯ ಪೂರೈಕೆ ದಿಢೀರನೆ ನಿಂತಾಗ ಆಸ್ಪತ್ರೆಗಳಿಗೆ ಇಂಥವರೇ ಬಂದರು. ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆತಂದರೆ ಔಷಧದ ನೆರವಿನಿಂದ ಹಂತ ಹಂತವಾಗಿ ಬಿಡಿಸುತ್ತಾರೆ. ಬರುವ ಮೊದಲು ಮಾತಾಡಬೇಕೆಂದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ಹಣ ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ಆತ ಸ್ಟೇರಿಂಗ್ ಮುಟ್ಟದಂತೆ ನೋಡಿಕೊಳ್ಳುವುದು ಚಾಲಕರ ಹೊಣೆ. ಢಾಬಾದ ಅಂಗಳದಲ್ಲಿ ಗಾಡಿ ಹಿಂದೆ ಮುಂದೆ ಮಾಡಲು ಕೂಡ ಕೊಡಬಾರದು.

ಮಂಪರು ತರುವ ಮಾತ್ರೆಯೆಂದು ಓದು ಬಾರದ ಗಿರಾಕಿಗೆ ತಿಳಿಸುವುದು ಹೇಗೆಂದು ಮೆಡಿಕಲ್ ಶಾಪಿನ ಒಬ್ಬ ತರುಣ ಕೇಳಿದ. ಲಕೋಟೆಯ ಮೇಲೆ ಎಳೆಯುವ ಗೆರೆಯ ಪಕ್ಕದಲ್ಲಿ ಒಂದು ಚಕ್ರ ಬರೆದು ಅದರ ಮೇಲೆ ಅಡ್ಡಗೆರೆ ಹಾಕಿ, ಕೊಡುವಾಗ "ಇದನ್ನ ತಗೊಂಡು ಗಾಡಿ ಹತ್ತಬ್ಯಾಡ, ಇದರ ಮ್ಯಾಲೆ ಕುಡೀಬ್ಯಾಡ" ಎಂದು ಬಾಯಲ್ಲೂ ಹೇಳಿದರೆ ಸಾಕು ಎಂದೆ. ಮುದ್ರಿಸಿದ ಚೀಟಿಗಳು ಬರುವವರೆಗೆ ಕಾಯಬೇಕಾಗಿಲ್ಲ, ಪೆನ್ನು ಕೌಂಟರಿನ ಮೇಲೆಯೇ ಇರುತ್ತದೆ.